ಸಾಲವೇನೋ ಮುಗಿಯಿತು, ಹೋದ ಹೆಸರು ಬರುವುದು ಯಾವಾಗ?

'ಮೇಡಂ, ನಮ್ಮವರ ಬಟ್ಟೆ ಅಂಗಡಿ 2020ರ ಲಾಕ್‌ಡೌನ್‌ನಲ್ಲಿ ಮುಚ್ಚಿಹೋಯಿತು. ಮೂರು ಲಕ್ಷ ಸಾಲ ಬಾಕಿ ಇತ್ತು. ಎರಡು ವರ್ಷದ ನಂತರ ನನ್ನ ಬಳೆ ಮಾರಿ ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಸೆಟಲ್‌ಮೆಂಟ್ ಮಾಡಿಕೊಂಡೆವು. ಈಗ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಿದರೆ ನಿಮ್ಮ ಸಿಬಿಲ್ ಸರಿಯಿಲ್ಲ ಅಂತಾರೆ. ಸಾಲ ಮಾಡಿದ್ದು ಅವರು, ನಾನು ಬರೀ ಸಹಿ ಹಾಕಿದ್ದೆ. ನನ್ನದೇನು ತಪ್ಪು?'

ಇದು ಒಬ್ಬರ ಪತ್ರ. ಆದರೆ ಇದೇ ಪ್ರಶ್ನೆ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ ಈ ವಾರ ಎಲ್ಲರಿಗೂ ಸೇರಿಸಿಯೇ ಉತ್ತರ.

ಮೊದಲು ಸಹಿಯ ವಿಷಯ. ಸಾಲದ ಕಾಗದದಲ್ಲಿ 'ಬರೀ ಸಹಿ' ಅನ್ನುವುದು ಇಲ್ಲವೇ ಇಲ್ಲ. ಸಹ-ಅರ್ಜಿದಾರಳಾಗಿ ಸಹಿ ಹಾಕಿದರೆ ಆ ಸಾಲ ನಿಮ್ಮದೂ ಹೌದು. ಜಾಮೀನು ಹಾಕಿದರೂ ಅವರು ಕಟ್ಟದಿದ್ದಾಗ ನೀವು ಹೊಣೆ. ಸಾಲ ಕೆಟ್ಟರೆ ಇಬ್ಬರ ದಾಖಲೆಯೂ ಕೆಡುತ್ತದೆ. ನಿಮ್ಮ ತಪ್ಪು ಇದೆಯೋ ಇಲ್ಲವೋ, ಕಂಪ್ಯೂಟರ್ ಅದನ್ನು ಕೇಳುವುದಿಲ್ಲ.

ಹಿಂದೆ ಹಳ್ಳಿಗಳಲ್ಲಿ 'ಪಾಪರ್ ಚೀಟಿ ತಗೊಂಡ' ಅನ್ನುತ್ತಿದ್ದರು, ನೆನಪಿದೆಯೇ? ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಮಾತು. ಕೋರ್ಟಿಗೆ ಹೋಗಿ, ಇರುವ ಆಸ್ತಿಯನ್ನೆಲ್ಲ ತೋರಿಸಿ, 'ತೀರಿಸಲು ಶಕ್ತಿಯಿಲ್ಲ' ಎಂದು ಒಪ್ಪಿಕೊಳ್ಳುವ ಉದ್ದದ ದಾರಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಯಾದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಆದ್ದರಿಂದ ನಮ್ಮಂಥವರ ಮನೆಗಳಲ್ಲಿ ದಿವಾಳಿ ಅಂದರೆ ಕೋರ್ಟಲ್ಲ. ಕಂತು ನಿಲ್ಲುವುದು, ವಸೂಲಿಯವರು ಬರುವುದು, ಕೊನೆಗೊಂದು ಸೆಟಲ್‌ಮೆಂಟ್.

2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ನಮ್ಮ ರಾಜ್ಯದಲ್ಲಿ ಎಷ್ಟು ಮನೆಗಳು ನಲುಗಿದವು ಎಂದು ಎಲ್ಲರೂ ಓದಿದ್ದೇವೆ. ಆ ವರ್ಷ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. 'ಹಾಗಾದರೆ ಸಾಲ ಮನ್ನಾ ಆಯ್ತಲ್ಲ' ಎಂದು ಹಲವರು ತಿಳಿದರು. ಹಾಗಲ್ಲ. ನೋಂದಣಿಯಿಲ್ಲದ, ಪರವಾನಗಿಯಿಲ್ಲದ ಲೇವಾದೇವಿಯವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕಷ್ಟೇ ಆ ಮಾತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯ ಸಾಲ ಹಾಗೆಯೇ ಇರುತ್ತದೆ. ಗುಂಪಿನಲ್ಲಿ ಪಡೆದದ್ದಾದರೂ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ. ಕಿರುಕುಳ ನಿಂತಿತೆಂದರೆ ದಾಖಲೆ ಸರಿಹೋಯಿತು ಎಂದರ್ಥವಲ್ಲ.

ಈ ದಾಖಲೆ ಇಡುವವರು ಯಾರು? ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ನಾಲ್ಕು ಕಂಪನಿಗಳಿವೆ. 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತಾರೆ. ಆದರೆ ಅಂಕದ ಹಿಂದಿರುವ ಒಂದು ಪದವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಪೂರ್ತಿ ಕಟ್ಟಿದ ಸಾಲದ ಮುಂದೆ 'ಕ್ಲೋಸ್ಡ್' ಎಂದಿರುತ್ತದೆ. ಕಡಿಮೆ ಹಣಕ್ಕೆ ಒಪ್ಪಂದವಾದರೆ 'ಸೆಟಲ್ಡ್'. ಬ್ಯಾಂಕೇ ಕೈಬಿಟ್ಟಿದ್ದರೆ 'ರಿಟನ್ ಆಫ್'. ನಮ್ಮ ಕಿವಿಗೆ 'ಸೆಟಲ್ಡ್' ಅಂದರೆ ಎಲ್ಲ ಬಗೆಹರಿಯಿತು ಅನ್ನಿಸುತ್ತದೆ. ಬ್ಯಾಂಕಿನ ಕಣ್ಣಿಗೆ ಅದು 'ಇವರು ಪೂರ್ತಿ ಕೊಡಲಿಲ್ಲ' ಎಂಬ ಗುರುತು. ವಸೂಲಿಗೆ ಬಂದವರು ಇದನ್ನು ಹೇಳುವುದಿಲ್ಲ. ಅವರಿಗೆ ಅವತ್ತಿನ ದುಡ್ಡು ಬೇಕು, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ವರದಿ ತರಿಸಿ ನೋಡಿ. 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮದಲ್ಲದ ಸಾಲ, ತೀರಿದ್ದರೂ ಬಾಕಿ ತೋರಿಸುವ ಸಾಲ ಕಂಡರೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಎರಡನೆಯದು, ಪತ್ರ ಬರೆದ ಸೋದರಿಗೆ ಮುಖ್ಯವಾದದ್ದು. ಕೈಯಲ್ಲಿ ಸ್ವಲ್ಪ ಅನುಕೂಲವಾದಾಗ ಆ ಹಳೇ ಬ್ಯಾಂಕಿಗೇ ಹೋಗಿ, 'ಬಿಟ್ಟುಕೊಟ್ಟ ಮೊತ್ತ ಎಷ್ಟು? ಅದನ್ನು ಕಟ್ಟಿದರೆ ಖಾತೆಯನ್ನು ಕ್ಲೋಸ್ಡ್ ಎಂದು ಕಳಿಸುತ್ತೀರಾ?' ಎಂದು ಕೇಳಿ. ಉತ್ತರ ಕಾಗದದ ಮೇಲೆ ಬಂದ ಮೇಲಷ್ಟೇ ದುಡ್ಡು ಕಟ್ಟಿ. ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಪಡೆಯಿರಿ. ಹಿಂದೆ ತಪ್ಪಿದ ಕಂತುಗಳ ಗುರುತು ತಕ್ಷಣ ಅಳಿಸುವುದಿಲ್ಲ, ಆದರೆ ಆ ಪದ ಬದಲಾಗುವುದೇ ದೊಡ್ಡದು.

ಮೂರನೆಯದು, ಹೊಸ ನಂಬಿಕೆ ಕಟ್ಟುವುದು. ಹತ್ತಿಪ್ಪತ್ತು ಸಾವಿರದ ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕುಗಳಿವೆ. 15 ಸಾವಿರದ ಮಿತಿ ಇದ್ದರೆ ನಾಲ್ಕೈದು ಸಾವಿರದೊಳಗೇ ಬಳಸಿ, ಗಡುವಿಗೆ ಮುಂಚೆ ಪೂರ್ತಿ ಕಟ್ಟಿ. 'ಮಿನಿಮಮ್ ಡ್ಯೂ' ಕಟ್ಟಿದರೆ ಸಾಕು ಎಂದು ನಂಬಬೇಡಿ, ಉಳಿದದ್ದಕ್ಕೆ ಬಡ್ಡಿ ಏರುತ್ತಲೇ ಇರುತ್ತದೆ. ಕಾರ್ಡು ಬೇಡವೆಂದರೆ, ತೀರಿಸಲು ಆಗುವಷ್ಟೇ ಸಣ್ಣ ಚಿನ್ನದ ಸಾಲ ಪಡೆದು ವಾಯಿದೆಯೊಳಗೆ ಬಿಡಿಸಿಕೊಳ್ಳಿ. ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ವಿವರ ಕಳಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಒಳ್ಳೆಯದೂ ಬೇಗ ದಾಖಲಾಗುತ್ತದೆ, ಕೆಟ್ಟದ್ದೂ ಬೇಗ ದಾಖಲಾಗುತ್ತದೆ.

ಆತುರ ಮಾತ್ರ ಬೇಡ. ಒಂದು ಬ್ಯಾಂಕ್ ಇಲ್ಲ ಅಂದಿತೆಂದು ಐದು ಕಡೆ ಅರ್ಜಿ ಹಾಕಿದರೆ ಆ ಐದೂ ದಾಖಲಾಗುತ್ತವೆ, ಅಂಕ ಇನ್ನೂ ಕುಗ್ಗುತ್ತದೆ. 'ಐದು ಸಾವಿರ ಕೊಡಿ, ವಾರದಲ್ಲಿ ಸಿಬಿಲ್ ಕ್ಲೀನ್ ಮಾಡಿಸ್ತೀನಿ' ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ನಿಜವಾದ ದಾಖಲೆಯನ್ನು ದುಡ್ಡು ಕೊಟ್ಟು ಅಳಿಸಲಾಗದು.

ಇನ್ನು ಮಗಳ ಓದು. ತಂದೆಯ ಅಂಗಡಿ ಮುಚ್ಚಿದ್ದಕ್ಕೆ ಅವಳ ಪುಸ್ತಕ ಮುಚ್ಚಬೇಕಿಲ್ಲ. ಅಂಕ ಕಡಿಮೆ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸುವುದು ಸರಿಯಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದು ನಮ್ಮ ರಾಜ್ಯದ ತೀರ್ಪಲ್ಲ, ಆದರೂ ಮೇಲಧಿಕಾರಿಗೆ ಬರೆಯುವ ಮನವಿಯಲ್ಲಿ ಉಲ್ಲೇಖಿಸಬಹುದು. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಕಾಲೇಜುಗಳಿಗೆ ಆಸ್ತಿ ಅಡವು, ಜಾಮೀನು ಇಲ್ಲದೆ ಸಾಲವಿದೆ. ಮಗಳ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿ. ದಾಖಲೆ ಚೆನ್ನಾಗಿರುವ ಸೋದರಮಾವನೋ ಚಿಕ್ಕಪ್ಪನೋ ಸಹ-ಅರ್ಜಿದಾರರಾಗಲು ಒಪ್ಪಿದರೆ ಬ್ಯಾಂಕಿನಲ್ಲಿ ಕೇಳಿ. ಆದರೆ ಅವರಿಗೆ ನಿಮ್ಮ ಕಥೆ ಪೂರ್ತಿ ಹೇಳಿ. 'ಬರೀ ಸಹಿ' ಎಂದು ನಿಮಗೆ ಹೇಳಿದ ಮಾತನ್ನು ನೀವು ಇನ್ನೊಬ್ಬರಿಗೆ ಹೇಳಬಾರದು, ಅಲ್ಲವೇ?

ಒಂದೆರಡು ವರ್ಷ ತಪ್ಪದೆ ಕಟ್ಟಿದರೆ ಅಂಕ ನಿಧಾನವಾಗಿ ಮೇಲೇಳುತ್ತದೆ. ಬಳೆ ಮಾರಿ ಸಾಲದ ಬಾಗಿಲು ಮುಚ್ಚಿಸಿದ ನಿಮಗೆ ಅಷ್ಟು ತಾಳ್ಮೆ ಖಂಡಿತ ಇದೆ.

ನೆನಪಿರಲಿ
* ಓದದೆ, ಮೊತ್ತ ಕೇಳದೆ ಸಹಿ ಬೇಡ, ಗಂಡ ಕೇಳಿದರೂ ಸರಿ.
* ಸೆಟಲ್‌ಮೆಂಟ್ ಪತ್ರ, ರಸೀದಿ, ನೋ ಡ್ಯೂ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿರಲಿ.
* ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.