ಈ ಮುದುಕರು ಎಲ್ಲಿಗೆ ಗುಳೆ ಹೊಂಟಾರ?

ಮಾನ್ವಿ ಬಸ್ ನಿಲ್ದಾಣದ ಹತ್ತಿರದ ಚಾದಂಗಡಿ. ಬೆಳಿಗ್ಗೆ ಎಂಟರ ಹೊತ್ತು. ಪಕ್ಕದಲ್ಲಿ ಕೂತಿದ್ದ ಡಿಗ್ರಿ ಓದುವ ಹುಡುಗ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ವಿಡಿಯೊ ನೋಡುತ್ತಿದ್ದ. ಕೆಂಪು ಮಣ್ಣಿನ ದಾರಿ, ಆಚೆ ನೀಲಿ ಸಮುದ್ರ, ಕಣ್ಣು ಹಾಯುವಷ್ಟು ದೂರ ಒಂದು ಮನೆ ಇಲ್ಲ. ಅರವತ್ತು ದಾಟಿದ ಗಂಡ ಹೆಂಡತಿ ಕಾರಿನ ಹಿಂದೆ ಚಕ್ರದ ಮನೆಯೊಂದನ್ನು ಎಳೆದುಕೊಂಡು ಬಂದು, ದಂಡೆಯ ಮೇಲೆ ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಚಹಾ ಕಾಸುತ್ತಿದ್ದರು. ಹುಡುಗನ ಹೆಗಲ ಮೇಲಿಂದ ಇಣುಕಿ ನೋಡಿದ ಅಜ್ಜ ಒಬ್ಬರು ಕೇಳಿದರು: "ಯಾಕ ತಮ್ಮಾ, ಈ ಮುದುಕರು ಎಲ್ಲಿಗೆ ಗುಳೆ ಹೊಂಟಾರ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ದೇವದುರ್ಗ, ಮಾನ್ವಿ ಕಡೆ ಪಾತ್ರೆ, ಹಾಸಿಗೆ, ಒಲೆ, ಮಕ್ಕಳು ಎಲ್ಲವನ್ನೂ ಒಂದು ಗಾಡಿಗೆ ಹೇರಿಕೊಂಡು ಹೊರಟವರನ್ನು ಕಂಡರೆ ಬೇರೆ ಯಾವ ಹೆಸರು ಬಾಯಿಗೆ ಬರುತ್ತದೆ? ಅಜ್ಜ ತಪ್ಪು ಹೇಳಲಿಲ್ಲ. ಅವರು ಕಂಡ ಕ್ಯಾರವಾನ್ ಅದೊಂದೇ.

ಹಾಗಂತ ನಮ್ಮವರು ಸಂತೋಷಕ್ಕೆ ಗಾಡಿ ಕಟ್ಟುವುದೇ ಇಲ್ಲ ಅಂತಲ್ಲ. ಸಂಕ್ರಾಂತಿ ಬರಲಿ, ನೋಡಿ. ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿದು, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರಿಗೆ ಊರೇ ನದಿಗೆ ಹೊರಡುತ್ತದೆ. ದೇವದುರ್ಗದವರಿಗೆ ಕೃಷ್ಣೆ, ಮಾನ್ವಿಯವರಿಗೆ ತುಂಗಭದ್ರೆ, ರಾಯಚೂರಿನವರಿಗೆ ಎರಡೂ. ಕೊಪ್ಪರದ ನರಸಿಂಹ, ಗೂಗಲ್ಲಿನ ಅಲ್ಲಮಪ್ರಭು, ಚೀಕಲಪರ್ವಿಯ ವಿಜಯದಾಸರು ಎಲ್ಲರೂ ನದಿ ದಂಡೆಯಲ್ಲೇ ಇದ್ದಾರೆ. ಜಾತ್ರೆ ಅಂದರೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಟ್ರ್ಯಾಲಿಯ ಮೇಲೆ ತಾಡಪತ್ರಿ ಕಟ್ಟಿ, ಕೆಳಗೆ ಹುಲ್ಲು ಹಾಸಿ, ಮೂರು ಕಲ್ಲಿನ ಒಲೆ ಹೂಡಿ ಎರಡು ರಾತ್ರಿ ಬಿಡಾರ. ಅದು ಕ್ಯಾರವಾನ್ ಅಲ್ಲದೆ ಮತ್ತೇನು?

ಕುರಿಗಾರರನ್ನು ಮರೆತರೆ ತಪ್ಪಾಗುತ್ತದೆ. ಕುದುರೆ ಮೇಲೆ ಬಿಡಾರದ ಸಾಮಾನು ಹೇರಿ, ಬುಟ್ಟಿಯಲ್ಲಿ ಎಳೆ ಮರಿ ಕೂರಿಸಿ, ಊರಿಂದ ಊರಿಗೆ ಹೊಲದಲ್ಲಿ ಕುರಿ ತರುಬಿಸುತ್ತಾ ಹೋಗುವ ಅವರಿಗೆ ವರ್ಷದ ಬಹುಪಾಲು ರಸ್ತೆಯೇ ಮನೆ.

ಪಶ್ಚಿಮ ಆಸ್ಟ್ರೇಲಿಯಾ ಅನ್ನುವ ಆ ರಾಜ್ಯದ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್, ಅಂದರೆ ಹದಿಮೂರು ಕರ್ನಾಟಕ. ಜನ ಮಾತ್ರ 30 ಲಕ್ಷದ ಆಸುಪಾಸು. ನಮ್ಮ ರಾಯಚೂರು ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಲ್ಲಿ 19 ಲಕ್ಷ ಜನರಿದ್ದೆವು. ಅಲ್ಲಿನ ನಿಂಗಲೂ ಕಡಲತೀರ 2011ರಲ್ಲಿ ವಿಶ್ವ ಪಾರಂಪರಿಕ ತಾಣವಾಯಿತು. ಅದರ ಪಕ್ಕದ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನದಲ್ಲಿ ಸಮುದ್ರದ ದಂಡೆಗೇ ಬಿಡಾರದ ಜಾಗಗಳಿವೆ. ಅಲ್ಲಿ ಏನೇನಿದೆ ಅಂತ ಓದಿ ನಮಗೆ ಆಶ್ಚರ್ಯವಾಯಿತು, ಯಾಕಂದರೆ ಅಲ್ಲಿ ಹೆಚ್ಚೇನೂ ಇಲ್ಲ. ಕುಡಿಯುವ ನೀರು ಸಿಗುವುದಿಲ್ಲ, ಬೇಕಾದಷ್ಟು ಹೊತ್ತೇ ಹೋಗಬೇಕು. ಕಟ್ಟಿಗೆ ಒಲೆ ಹೊತ್ತಿಸುವಂತಿಲ್ಲ, ಗ್ಯಾಸ್ ಒಲೆಯಲ್ಲೇ ಅಡುಗೆ. ಆದರೆ ಪ್ರತಿ ಗಾಡಿಗೂ ಗುರುತು ಹಾಕಿದ ಜಾಗ ಇದೆ, ಸಾದಾ ಗುಂಡಿ ಶೌಚಾಲಯ ಇದೆ, ತಂಗುವವರಿಂದ ಶುಲ್ಕ ಪಡೆಯುತ್ತಾರೆ. ಸೀಸನ್ನಿನಲ್ಲಿ ಅಲ್ಲೇ ಬಿಡಾರ ಹೂಡಿ ಬಂದವರಿಗೆ ದಾರಿ ಹೇಳುವ ಸ್ವಯಂಸೇವಕರೂ ಇರುತ್ತಾರೆ. ನಮ್ಮವರು ಇದನ್ನು ಓದಿದರೆ, ಇಷ್ಟೇನಾ, ಇದನ್ನ ನಾವೂ ಮಾಡಬಹುದಲ್ಲ ಅಂದಾರು.

ಅದನ್ನೇ ನಾವು ಹೇಳುತ್ತಿರುವುದು.

ಮೊನ್ನೆಯ ಸಂಕ್ರಾಂತಿಗೆ ನಾವು ಮನೆಮಂದಿ, ನೆಂಟರು ಸೇರಿ ಬಾಡಿಗೆ ಟಾಟಾ ಏಸ್ ಮಾಡಿಕೊಂಡು ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯ ಒಂದೂರಿಗೆ ಹೋಗಿದ್ದೆವು. ಸಾವಿರಾರು ಜನ. ಗಂಡಸರಿಗೇನು, ಎಲ್ಲಿ ಮರವೋ ಅಲ್ಲಿ. ಹೆಂಗಸರಿಗೆ ಜಾಲಿ ಗಿಡದ ಮರೆಯೂ ಇರಲಿಲ್ಲ, ಗಿಡದ ಪಕ್ಕದಲ್ಲೆಲ್ಲ ಗಾಡಿಗಳೇ. ನಮ್ಮ ಚಿಗವ್ವ ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. "ಕುಡದ್ರ ಹೋಗೋದೆಲ್ಲಿಗೆ?" ಅಂದರು. ಮಧ್ಯಾಹ್ನ ಅವರಿಗೆ ತಲೆ ತಿರುಗಿತು. ಅತ್ತ ಹುಡುಗರು ಮೊಣಕಾಲು ನೀರಿನಲ್ಲಿ ಆಡುತ್ತಿದ್ದಾಗ ದನ ಮೇಯಿಸುವವನೊಬ್ಬ ದೂರದಿಂದ ಕೂಗಿದ: "ಏ, ಹುಡುಗ್ರನ್ನ ಕರಕೊಳ್ರಿ, ಆ ಬಂಡಿ ಮ್ಯಾಲೆ ಮೊಸಳಿ ಮಲಗಿರ್ತಾವ!" ಚಳಿಗಾಲದಲ್ಲಿ ಮೊಸಳೆ ಬಿಸಿಲು ಕಾಯಲು ಬಂಡೆ ಏರುವುದು ದಂಡೆಯ ಊರವರಿಗೆ ಗೊತ್ತು. ಹೊರಗಿನಿಂದ ಬಂದ ನಮಗೆ ಹೇಳುವವರು ಯಾರು? ಒಂದು ಫಲಕ ಇರಲಿಲ್ಲ.

ಆಸ್ಟ್ರೇಲಿಯಾದ ಉತ್ತರದ ಕಡಲು, ನದಿಗಳಲ್ಲಿ ನಮ್ಮದಕ್ಕಿಂತ ದೊಡ್ಡ ಮೊಸಳೆಗಳಿವೆ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬಿಡಾರದವರಿಗೆ ಒಂದು ಲೆಕ್ಕ ಹೇಳಿಕೊಟ್ಟಿದೆ: ನೀರಿನಂಚಿನಿಂದ 50 ಮೀಟರ್ ದೂರ, ನೀರು ಏರುವ ಮಟ್ಟಕ್ಕಿಂತ 2 ಮೀಟರ್ ಎತ್ತರ. ಈ ಒಂದು ಸಾಲನ್ನು ಕನ್ನಡದಲ್ಲಿ ತಗಡಿನ ಮೇಲೆ ಬರೆಸಿ ನಿಲ್ಲಿಸಲು ಎಷ್ಟು ಖರ್ಚಾದೀತು?

ನೀರಿನ ಏರಿಳಿತದ ಮಾತೂ ಹಾಗೆಯೇ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಏನಾಗುತ್ತದೆ ಅಂತ ದೇವದುರ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಹೂವಿನಹೆಡಗಿ ಸೇತುವೆಯೇ ಮುಳುಗಿತ್ತು. ಶ್ರಾವಣದಲ್ಲಿ ದಂಡೆಗೆ ಹೋಗಿ ಬಿಡಾರ ಹೂಡುವವರಿಗೆ ಡಂಗುರ ಒಂದೇ ಸಾಲದು, ಸೈರನ್ ಬೇಕು.

ಈಗ ಕ್ಯಾರವಾನ್ ಮಾತು ನಮ್ಮ ದೇಶದಲ್ಲೂ ಜೋರಾಗಿದೆ. ಕೇರಳ 2021ರಲ್ಲಿ 'ಕೇರವಾನ್ ಕೇರಳ' ಅಂತ ಯೋಜನೆಯನ್ನೇ ತಂದಿತು. ಬೆಂಗಳೂರಿನಿಂದಲೂ ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ಬಾಡಿಗೆ ಗಾಡಿಗಳು ಓಡುತ್ತಿವೆ. ಬರಲಿ, ನಮ್ಮ ಕಡೆಗೂ ಬರಲಿ, ರಾಯಚೂರಿನ ಕೋಟೆ ನೋಡಲಿ, ಬೇಡ ಅನ್ನುವವರು ನಾವಲ್ಲ. ನಮ್ಮ ತಕರಾರು ಒಂದೇ. ನಾಳೆ ಬರಬಹುದಾದ ಹತ್ತು ಗಾಡಿಗಳಿಗೆ ನೀತಿ ಬರೆಯುವವರಿಗೆ, ತಲೆಮಾರುಗಳಿಂದ ಬರುತ್ತಲೇ ಇರುವ ಸಾವಿರ ಟ್ರ್ಯಾಕ್ಟರ್‌ಗಳು ಯಾಕೆ ಕಾಣುವುದಿಲ್ಲ? ಒಂದು ಕಚೇರಿಯಲ್ಲಿ ಇದನ್ನೇ ಕೇಳಿದೆವು. "ಅದು ಟೂರಿಸಂ ಅಲ್ರಿ, ಜಾತ್ರಿ" ಅಂದರು ಅಲ್ಲಿದ್ದ ಸಾಹೇಬರು. ಚಹಾ ತರಿಸಿ ಕೊಟ್ಟರು. ಒಳ್ಳೆಯ ಮನುಷ್ಯರೇ.

ತಪ್ಪು ನಮ್ಮದೂ ಇದೆ, ಹೇಳಿಬಿಡುತ್ತೇವೆ. ಟ್ರ್ಯಾಲಿಯಲ್ಲಿ ನಲವತ್ತು ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ. ಗಾಡಿ ಮಗುಚಿದರೆ ಜೀವ ಹೋಗುತ್ತದೆ, ಹಿಂದೆ ಉಳಿದವರಿಗೆ ವಿಮೆ ಹಣ ಸಿಗುವುದೂ ಕಷ್ಟ. ಇಂಥ ಸುದ್ದಿ ಬರೆದು ಬರೆದು ನಮಗೆ ಸಾಕಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲೇ ದೇವರಿಗೆ ಹೋಗುವುದು ಹೆಚ್ಚಾಗಿದೆ, ಅದು ಒಳ್ಳೆಯದೇ. ಆದರೆ ಬಸ್ಸಿನಲ್ಲಿ ಬೋಗಾಣಿ, ಕಟ್ಟಿಗೆ, ತಾಡಪತ್ರಿ ಹೇರಲಾದೀತೇ? ಜನ ಬಸ್ಸಿನಲ್ಲಿ ಹೋಗಲಿ, ಸಾಮಾನು ಟ್ರ್ಯಾಲಿಯಲ್ಲಿ ಬರಲಿ ಅನ್ನುವುದು ನಮ್ಮ ಸಲಹೆ. ಜಾತ್ರೆಯ ದಿನಗಳಲ್ಲಿ ದಂಡೆಯವರೆಗೆ ಹೆಚ್ಚಿನ ಬಸ್ ಬಿಟ್ಟರೆ ಇದು ಆಗುವ ಮಾತು. ಪ್ಲಾಸ್ಟಿಕ್ ತಟ್ಟೆಯನ್ನು ನದಿಗೇ ಬಿಟ್ಟು ಬರುವುದನ್ನೂ ನಾವು ನಿಲ್ಲಿಸಬೇಕು. ಆಸ್ಟ್ರೇಲಿಯಾದ ಮುದುಕರು ಚಹಾ ಕುಡಿದ ಮೇಲೆ ಕಸವನ್ನು ಚೀಲಕ್ಕೆ ತುಂಬಿ ಗಾಡಿಯಲ್ಲಿಟ್ಟಿದ್ದನ್ನು ಅದೇ ವಿಡಿಯೊದಲ್ಲಿ ನೋಡಿದೆವು.

ಬಿಡಾರ ನಡೆಸುವ ಕಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ನಮ್ಮ ರಸ್ತೆಗಳಲ್ಲಿ ನಡೆಯುವಾಗ ಊರೂರಿನವರು ಶಾಮಿಯಾನ ಹಾಕುತ್ತಾರೆ. ರೊಟ್ಟಿ, ಮಜ್ಜಿಗೆ, ಸ್ನಾನಕ್ಕೆ ಬಿಸಿನೀರು, ಬೊಬ್ಬೆ ಎದ್ದ ಪಾದಕ್ಕೆ ಮುಲಾಮು, ಕಾಲು ಒತ್ತಲು ಊರ ಹುಡುಗರು. ಯಾರದೂ ಆದೇಶವಿಲ್ಲ, ಟೆಂಡರ್ ಇಲ್ಲ. ಆ ಕೆಲವು ದಿನ ನಮ್ಮ ರಸ್ತೆಯಷ್ಟು ಒಳ್ಳೆಯ ಕ್ಯಾಂಪ್ ಆಸ್ಟ್ರೇಲಿಯಾದಲ್ಲೂ ಇರಲಾರದು. ಆದರೆ ಶಾಮಿಯಾನ ಬಿಚ್ಚಿದ ಮರುದಿನ ಅದೇ ದಾರಿಯಲ್ಲಿ ಕುರಿಗಾರ ಬಂದರೆ, ಗುಳೆ ಹೊರಟ ಕುಟುಂಬ ಬಂದರೆ, ಅವರಿಗೆ ಒಂದು ನಲ್ಲಿಯೂ ಇರುವುದಿಲ್ಲ.

ದಂಡೆಯ ಪ್ರತಿ ದೇವಸ್ಥಾನದ ಊರಲ್ಲಿ, ಪ್ರವಾಹ ಮುಟ್ಟದ ಎತ್ತರದಲ್ಲಿ ಎರಡು ಎಕರೆ ಗುರುತಿಸಿ. ಒಂದು ಕೊಳವೆಬಾವಿ, ಹೆಂಗಸರಿಗೆ ನೀರಿರುವ ಹತ್ತು ಶೌಚಾಲಯ, ಎರಡು ದೀಪದ ಕಂಬ, ಮೊಸಳೆ ಫಲಕ, ಸೈರನ್. 15ನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಶೇ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಇದೂ ನೀರು, ನೈರ್ಮಲ್ಯವೇ ತಾನೇ? ಟ್ರ್ಯಾಲಿಗೆ ಐವತ್ತು ರೂಪಾಯಿ ಪಡೆಯಿರಿ, ಜನ ಕೊಡುತ್ತಾರೆ. ಆ ದುಡ್ಡಲ್ಲಿ ಊರಿನ ಇಬ್ಬರಿಗೆ ಶೌಚಾಲಯ ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಕುರಿಗಾರರಿಂದ, ಗುಳೆ ಹೊರಟವರಿಂದ ಮಾತ್ರ ಒಂದು ರೂಪಾಯಿಯೂ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತುವವರಿದ್ದರೆ ನಮಗೆ ತಿಳಿಸಿ, ವರದಿ ಮಾಡಲು ನಾವೇ ಬರುತ್ತೇವೆ. ಚಿಗವ್ವನಿಗೂ ಹೇಳಿದ್ದೇವೆ. "ಸಂಡಾಸ ಆದ ಮ್ಯಾಲೆ ಕರೀರಿ, ಅಲ್ಲೀ ತನಕ ನಾ ನದಿಗೆ ಬರಂಗಿಲ್ಲ" ಅಂದಿದ್ದಾರೆ.