ಮನೆವಾರ್ತೆ: ಏಳಲೊಲ್ಲದ ಲ್ಯಾಪ್‌ಟಾಪ್

ಮನೆಯಲ್ಲಿ ಒಬ್ಬರಿಗೆ ಮೈ ಬಿಸಿಯಾದರೆ ನಾವು ಮೊದಲು ಹಣೆಯನ್ನು ಮುಟ್ಟಿ ನೋಡುತ್ತೇವೆ. ಎಲ್ಲಿ ನೋವು, ಎಂದಿನಿಂದ ಎಂದು ಕೇಳುತ್ತೇವೆ. ರೋಗವಾವುದೆಂದು ತಿಳಿಯುವ ಮೊದಲೇ ಶಸ್ತ್ರಚಿಕಿತ್ಸೆಗೆ ಒಪ್ಪುವ ಗೃಹಸ್ಥನಿಲ್ಲ. ಲ್ಯಾಪ್‌ಟಾಪ್ ಏಳದೆ ಹೋದಾಗ ಮಾತ್ರ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಒಂದು ಬೆಳಗ್ಗೆ ಯಂತ್ರವು ತನ್ನ ಮುದ್ರೆಯನ್ನು ತೋರಿಸಿತು, ಚುಕ್ಕೆಗಳ ಚಕ್ರವು ತಿರುಗಿತು, ತೆರೆಯು ಕಪ್ಪಾಯಿತು, ಮತ್ತೆ ಮೊದಲಿನಿಂದ ಅದೇ ಆಟ. ಅಂಗಡಿಯಾತನು ನಿಮಿಷಮಾತ್ರ ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಸಾರ್, ಸಂಜೆ ಬನ್ನಿ" ಎಂದನು. ನಾವು ತಲೆಯಾಡಿಸಿಯೂ ಬಿಟ್ಟಿದ್ದೆವು. ಆಗ ಜೊತೆಗಿದ್ದ ನಮ್ಮ ಮನೆಯವರು, "ಅತ್ತೆಯವರ ಹಾಡುಗಳು ಇದರಲ್ಲೇ ಅಲ್ಲವೆ ಇರುವುದು?" ಎಂದರು. ನಮ್ಮ ತಾಯಿಯವರು ತೀರಿಕೊಳ್ಳುವ ಹಿಂದಿನ ವರ್ಷ ಹಾಡಿದ ಹಸೆಯ ಹಾಡು, ಆರತಿಯ ಹಾಡುಗಳು ಅವು. ಬೇರೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಯಂತ್ರವನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದೆವು. ಆ ಬಳಿಕ ಕಲಿತುದನ್ನು ವಾಚಕರ ಮುಂದಿಡುತ್ತೇವೆ.

ಯಂತ್ರವು ಒಂದೇ ನೆಗೆತಕ್ಕೆ ಏಳುವುದಿಲ್ಲ. ಮೊದಲು ವಿದ್ಯುತ್ತು ಬರಬೇಕು. ಅನಂತರ ಒಳಗಿನ ಚಿಪ್ಪಿನಲ್ಲಿರುವ ಕಿರಿದಾದ ಕಾರ್ಯಕ್ರಮವೊಂದು ಎದ್ದು ಮೆಮೊರಿ, ತೆರೆ, ಕೀಲಿಮಣೆ ಮೊದಲಾದವುಗಳನ್ನು ಪರೀಕ್ಷಿಸಬೇಕು. ಕಡೆಗೆ ಡಿಸ್ಕನ್ನು ಹುಡುಕಿ ಅದರಲ್ಲಿರುವ ವಿಂಡೋಸನ್ನು ಎಬ್ಬಿಸಬೇಕು. ಆದುದರಿಂದ ಕೇಳತಕ್ಕ ಮೊದಲ ಪ್ರಶ್ನೆ "ಏನು ಕೆಟ್ಟಿದೆ?" ಎಂಬುದಲ್ಲ, "ಎಲ್ಲಿ ನಿಂತಿದೆ?" ಎಂಬುದು.

ದೀಪವೇ ಹತ್ತದಿದ್ದರೆ ದೋಷವು ವಿದ್ಯುತ್ತಿನದು. ಗೋಡೆಯ ಪ್ಲಗ್ಗಿಗೆ ಬೇರೊಂದು ದೀಪವನ್ನು ಚುಚ್ಚಿ ನೋಡಿರಿ. ಚಾರ್ಜರನ್ನೂ ಅಂಟಿಸಿರುವ ಇತರ ಸಲಕರಣೆಗಳನ್ನೂ ಕಿತ್ತು, ಆನ್ ಮಾಡುವ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಮತ್ತೆ ಚಾರ್ಜರನ್ನು ಮಾತ್ರ ಸೇರಿಸಿ ಎಬ್ಬಿಸಿರಿ. ಒಳಗೆ ಉಳಿದ ವಿದ್ಯುತ್ತು ಇದರಿಂದ ಖಾಲಿಯಾಗಿ ಎಷ್ಟೋ ಯಂತ್ರಗಳು ಏಳುವುದುಂಟು. ಅಡಿಯ ತಗಡು ಉಬ್ಬಿದ್ದರೆ ಅಥವಾ ಬೆರಳಾಡಿಸುವ ಹಲಗೆ ಮೇಲೆದ್ದಿದ್ದರೆ ಮಾತ್ರ ಬ್ಯಾಟರಿಯು ಊದಿಕೊಂಡಿರಬಹುದು; ಅದಕ್ಕೆ ಬೆಂಕಿ ಹತ್ತುವ ಭಯವುಂಟು. ಚಾರ್ಜು ಮಾಡಲೂ ಕೂಡದು, ಒತ್ತಲೂ ಕೂಡದು.

ದೀಪ ಹತ್ತಿ, ಫ್ಯಾನು ತಿರುಗಿ, ತೆರೆ ಮಾತ್ರ ಕತ್ತಲೆಯಾಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿರಿ. ಮಸುಕಾಗಿ ಚಿತ್ರ ಕಂಡರೆ ತೆರೆಯ ಹಿಂದಣ ಬೆಳಕಷ್ಟೇ ಹೋಗಿದೆ. ಎಚ್‌ಡಿಎಂಐ ತಂತಿಯಿಂದ ಟೀವಿಗೆ ಜೋಡಿಸಿದಾಗ ಚಿತ್ರ ಮೂಡಿದರೂ ಯಂತ್ರದ ಒಳಗಿನದು ಕ್ಷೇಮವೆಂದು ನೆಮ್ಮದಿಯಾಗಿರಬಹುದು.

ಎಬ್ಬಿಸುವುದಕ್ಕೆ ಡಿಸ್ಕೇ ಇಲ್ಲವೆಂದು ಯಂತ್ರವು ಬರೆದು ತೋರಿಸಿದರೆ, ಮರೆತು ಚುಚ್ಚಿಟ್ಟ ಪೆನ್‌ಡ್ರೈವ್ ಉಂಟೇ ನೋಡಿರಿ. ಅದನ್ನು ಕಿತ್ತರೆ ಸರಿಹೋಗುವುದುಂಟು. ಹಳೆಯ ಬಗೆಯ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಕೂಡಲೇ ಆರಿಸಿರಿ. ಮತ್ತೆ ಮತ್ತೆ ಎಬ್ಬಿಸಿದಷ್ಟೂ ಉಳಿದುದೂ ನಾಶವಾದೀತು.

ನಮ್ಮ ಯಂತ್ರದಂತೆ ಚಕ್ರ ತಿರುಗಿ ನಿಲ್ಲುವುದಾದರೆ ದೋಷವು ಬಹುಮಟ್ಟಿಗೆ ವಿಂಡೋಸಿನದು. ಎರಡು ಮೂರು ಸಲ ಏಳುವುದರಲ್ಲಿ ಸೋತರೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪುಟವನ್ನು ತೆರೆಯುತ್ತದೆ. ತಾನೇ ಸರಿಪಡಿಸಿಕೊಳ್ಳುವುದು, ಇತ್ತೀಚೆಗೆ ಬಂದ ಅಪ್‌ಡೇಟನ್ನು ತೆಗೆಯುವುದು, ಸೇಫ್ ಮೋಡಿನಲ್ಲಿ ಏಳುವುದು ಎಂಬ ದಾರಿಗಳು ಅಲ್ಲಿವೆ. ಅಳಿಸಿ ಹೊಸದು ಮಾಡುವ ರೀಸೆಟ್ ಎಂಬುದೂ ಅಲ್ಲಿಯೇ ಇದೆ. ಅದನ್ನು ಎಲ್ಲಕ್ಕೂ ಕಡೆಯದಾಗಿ ಇಟ್ಟುಕೊಳ್ಳಿರಿ. ಅಪ್‌ಡೇಟ್ ನಡೆಯುತ್ತಿದೆಯೆಂದು ಶೇಕಡಾ ಲೆಕ್ಕ ಏರುತ್ತಿರುವಾಗ ಮಾತ್ರ ಯಂತ್ರವನ್ನು ಆರಿಸಬಾರದು.

2024ರ ಜುಲೈ 19ರಂದು ಲೋಕವೇ ಈ ಪಾಠವನ್ನು ಕಲಿಯಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಳುಹಿಸಿದ ಒಂದು ತಪ್ಪು ಕಡತದಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ಕುಸಿದುಬಿದ್ದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಆ ಡಿಸ್ಕುಗಳು ಸತ್ತಿರಲಿಲ್ಲ, ಕಡತಗಳು ಹಾಳಾಗಿರಲಿಲ್ಲ. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ತೆಗೆದರೆ ಯಂತ್ರವು ಎಂದಿನಂತಾಗುತ್ತಿತ್ತು. ಏಳಲಿಲ್ಲವೆಂದ ಮಾತ್ರಕ್ಕೆ ಎಲ್ಲವನ್ನೂ ಅಳಿಸತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ನಮಗೆ ತಿಳಿಯದೆಯೇ ಬೀಗ ಬಿದ್ದಿರುತ್ತದೆ. ದುರಸ್ತಿಯ ಸಮಯದಲ್ಲಿ ಅದು 48 ಅಂಕಿಗಳ ಕೀಲಿಯನ್ನು ಕೇಳುವುದುಂಟು. ಯಂತ್ರವನ್ನು ಮೊದಲು ಸಿದ್ಧಪಡಿಸುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯನ್ನು ಫೋನಿನಲ್ಲಿ ತೆರೆದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಕೀಲಿ ಸಿಗದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಓದಲಾಗದು. ನಮಗೂ ಕೇಳಿತು. ಆ ಖಾತೆಯು ನಮ್ಮ ಮಗಳ ಹೆಸರಿನಲ್ಲಿತ್ತು. ಆಕೆ ಪರವೂರಿನಿಂದ ಅಂಕಿಗಳನ್ನು ಆರಾರಾಗಿ ಓದಿ ಹೇಳಿದಳು, ಇಲ್ಲಿ ನಾವು ಬರೆದುಕೊಂಡೆವು. ಹಿಂದಿನ ವಾರ ಬಂದಿದ್ದ ಅಪ್‌ಡೇಟನ್ನು ತೆಗೆದುದೇ ಯಂತ್ರವು ಎದ್ದಿತು.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಅವಶ್ಯವಾಗಿ ಹೋಗಿರಿ. ಆದರೆ ಬಾಗಿಲಲ್ಲಿಯೇ, "ಮೊದಲು ಒಳಗಿರುವುದನ್ನು ಬೇರೆಡೆಗೆ ಪ್ರತಿಮಾಡಿ, ದುರಸ್ತಿ ಆಮೇಲೆ" ಎಂದು ಹೇಳಿ, ರಸೀತಿಯ ಮೇಲೆ ಬರೆಸಿಕೊಳ್ಳಿರಿ. ಯಂತ್ರವನ್ನು ಹಣ ಕೊಟ್ಟು ತರಬಹುದು. ಒಳಗಿರುವುದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಈಗ ಆ ಹಾಡುಗಳ ಒಂದು ಪ್ರತಿ ಬೀರುವಿನ ಪೆನ್‌ಡ್ರೈವಿನಲ್ಲಿದೆ, ಇನ್ನೊಂದು ಮಗಳ ಮನೆಯಲ್ಲಿದೆ. 48 ಅಂಕಿಗಳ ಚೀಟಿಯು ಮನೆಪತ್ರಗಳ ಕಡತದೊಳಗಿದೆ. ವಾಚಕರು ಈ ಸಂಚಿಕೆಯನ್ನು ಮಡಿಸಿಡುವ ಮುನ್ನ, ತಮ್ಮ ಯಂತ್ರವು ಎದ್ದಿರುವಾಗಲೇ, ಈ ಎರಡು ಕೆಲಸಗಳನ್ನು ಮುಗಿಸಬೇಕೆಂದು ಅರಿಕೆ.