ಅಗ್ಗದ ಕಂಪ್ಯೂಟರಿನ ಪೂರ್ಣ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ಕಂಪ್ಯೂಟರನ್ನು ಆನ್‌ಲೈನ್‌ನಲ್ಲೇ ಕೊಳ್ಳಬೇಕು ಎಂಬ ವಾದವಿದೆ. ಅಲ್ಲಿ ಬೆಲೆ ಕಡಿಮೆ, ವಾರಂಟಿ ಒಂದೇ, ಊರಿನ ಅಧಿಕೃತ ಮಾರಾಟಗಾರರು ಬರೀ ಮಧ್ಯವರ್ತಿಗಳು ಎಂಬುದು ಅದರ ಸಮರ್ಥನೆ.

ಬೆಲೆಯ ಮಾತು ಹಲವು ಸಲ ನಿಜ. ಆದರೆ ಜಿಎಸ್‌ಟಿ ಎರಡೂ ಕಡೆ ಶೇ 18. ತೆರಿಗೆ ಬಿಲ್ ಇಲ್ಲದ ಅಗ್ಗ ರಿಯಾಯಿತಿಯಲ್ಲ, ಅಪಾಯ. ವಾರಂಟಿ ಕೊಡುವುದು ತಯಾರಿಕಾ ಕಂಪನಿ ಎಂಬುದೂ ಸರಿ. ಆದರೆ ರಿಫರ್ಬಿಶ್ಡ್ (ಸರಿಪಡಿಸಿ ಮತ್ತೆ ಮಾರುವ) ಯಂತ್ರಕ್ಕೆ ಎಷ್ಟೋ ಸಲ ಮಾರಿದವರ ಭರವಸೆಯಷ್ಟೇ ಇರುತ್ತದೆ.

ವಿವಾದ ಬಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಜಿಲ್ಲಾ ಗ್ರಾಹಕ ಆಯೋಗವಿರುವುದು ತುಮಕೂರಿನಲ್ಲಿ. ಪಾವಗಡದಿಂದ ಅಲ್ಲಿಗೆ ಸುಮಾರು 100 ಕಿ.ಮೀ. ತೀರ್ಪು ಬರುವವರೆಗೆ ಕೆಟ್ಟ ಯಂತ್ರ ಕೆಟ್ಟೇ ಇರುತ್ತದೆ. ಊರಿನ ಅಂಗಡಿಯಾದರೆ ಯಂತ್ರವನ್ನು ಅಳವಡಿಸಿಕೊಡುತ್ತದೆ, ದೋಷವನ್ನು ಎದುರಿಗೇ ಪರೀಕ್ಷಿಸುತ್ತದೆ. ಬೆಲೆಯ ವ್ಯತ್ಯಾಸವನ್ನು ಈ ಸೇವೆಯೊಂದಿಗೆ ತೂಗಿ ನೋಡಿದಾಗಲೇ ಲೆಕ್ಕ ಪೂರ್ಣ.